ಯುದ್ಧ ಅಂದ ತಕ್ಷಣ ಅಧ್ಯಕ್ಷರು ಏನು ಬೇಕಾದರೂ ಮಾಡಬಹುದಾ?

ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಬಿಎ ಕೊನೇ ವರ್ಷ, ರಾಜ್ಯಶಾಸ್ತ್ರ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇಟ್ಟಿದ್ದಾರೆ. ವಿಷಯ, 'ಯುದ್ಧದ ಸಮಯದಲ್ಲಿ ಅಧ್ಯಕ್ಷರಿಗೆ ಪೂರ್ತಿ ಅಧಿಕಾರ ಇರಬೇಕು'. ಚೀಟಿ ಎತ್ತಿದಾಗ ನನಗೆ ಬಂದಿದ್ದು ವಿರೋಧ. ಅಮೆರಿಕದ ಉದಾಹರಣೆ ಜಾಸ್ತಿ ಕೊಡು, ನಮ್ಮ ದೇಶದ್ದೂ ಸ್ವಲ್ಪ ಇರಲಿ ಅಂತ ಮೇಡಂ ಹೇಳಿದ್ದಾರೆ.

ಪುಸ್ತಕದಲ್ಲಿ ಇರೋದನ್ನು ಓದಿದ್ದೇನೆ. ಅಮೆರಿಕದಲ್ಲಿ ಯುದ್ಧ ಸಾರುವ ಅಧಿಕಾರ ಅಲ್ಲಿನ ಕಾಂಗ್ರೆಸ್ಸಿಗೆ (ಅಂದರೆ ಅವರ ಸಂಸತ್ತಿಗೆ), ಸೇನೆಯ ಮಹಾದಂಡನಾಯಕ ಮಾತ್ರ ಅಧ್ಯಕ್ಷ. ನಮ್ಮಲ್ಲಿ 352ನೇ ವಿಧಿ, ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುತ್ತಾರೆ. ಇಷ್ಟು ಹೇಳಿ ಕೂತರೆ ಯಾರೂ ಚಪ್ಪಾಳೆ ತಟ್ಟಲ್ಲ. ಸಾಮಾನ್ಯ ಜನರಿಗೆ ನಿಜವಾಗಿ ಏನಾಯ್ತು ಅನ್ನೋದು ಬೇಕು.

ಇನ್ನೊಂದು ಸಮಸ್ಯೆ. ಪರ ಮಾತಾಡೋನು ನನ್ನ ರೂಮ್‌ಮೇಟೇ. ಒಂದೇ ಮಾತಿನಲ್ಲಿ ನನ್ನ ಬಾಯಿ ಕಟ್ಟಿಸುತ್ತಿದ್ದಾನೆ. 'ಯುದ್ಧ ನಡೆಯುವಾಗ ನಾಲ್ಕು ದಿನ ಹಕ್ಕು ಇಲ್ಲ ಅಂದ್ರೆ ಯಾರಪ್ಪನ ಗಂಟು ಹೋಗುತ್ತೆ? ಮುಗಿದ ಮೇಲೆ ವಾಪಸ್ ಬರುತ್ತಲ್ಲ' ಅಂತಾನೆ. ಇದಕ್ಕೆ ಏನು ಹೇಳಲಿ? ಗೊತ್ತಿರೋರು ಸ್ವಲ್ಪ ಹೇಳಿ ಪುಣ್ಯ ಕಟ್ಕೊಳ್ಳಿ.

ಚಿಂತಾಮಣಿ_ಮೇಷ್ಟ್ರು:

ನಿನಗೆ ಬೇಕಾದ್ದು ಅವನ ಮಾತಲ್ಲೇ ಇದೆ ಕಣಪ್ಪ. 'ಮುಗಿದ ಮೇಲೆ' ಅಂದನಲ್ಲ, ಅಲ್ಲೇ ಹಿಡಿ. ಮುಗಿಯಿತು ಅಂತ ಹೇಳೋರು ಯಾರು? ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ತಾನೆ?

ಲಿಂಕನ್‌ನಿಂದ ಶುರು ಮಾಡು. 1861ರ ಏಪ್ರಿಲ್, ಅಂತರ್ಯುದ್ಧ ಆಗ ತಾನೆ ಹೊತ್ತಿಕೊಂಡಿದೆ. ವಾಷಿಂಗ್ಟನ್ ಕಾಯೋಕೆ ಸೈನ್ಯ ಬರಬೇಕಾದರೆ ಮೇರಿಲ್ಯಾಂಡ್ ದಾಟಿ ಬರಬೇಕು. ಅಲ್ಲಿ ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಪರ ಇದ್ದವರು ರೈಲ್ವೆ ಸೇತುವೆಗಳಿಗೆ ಬೆಂಕಿ ಇಡುತ್ತಿದ್ದರು. ಲಿಂಕನ್ ಆ ರೈಲು ಮಾರ್ಗದ ಉದ್ದಕ್ಕೂ ಹೇಬಿಯಸ್ ಕಾರ್ಪಸ್ ಅಮಾನತು ಮಾಡಿದರು. ಅಂದರೆ ನಿನ್ನನ್ನು ಹಿಡಿದುಕೊಂಡು ಹೋದರೆ, ಯಾಕೆ ಹಿಡಿದಿರಿ ಅಂತ ಕೋರ್ಟಿನ ಮೂಲಕ ಕೇಳಿಸುವ ದಾರಿ ಬಂದ್. ಮೇ ತಿಂಗಳಲ್ಲಿ ಜಾನ್ ಮೆರಿಮನ್ ಅನ್ನುವವನನ್ನು ರಾತ್ರೋರಾತ್ರಿ ಮನೆಯಿಂದ ಎತ್ತಿಕೊಂಡು ಹೋಗಿ ಕೋಟೆಯಲ್ಲಿ ಕೂಡಿಹಾಕಿದರು. ಅವನನ್ನು ನನ್ನ ಮುಂದೆ ತನ್ನಿ ಅಂತ ಮುಖ್ಯ ನ್ಯಾಯಮೂರ್ತಿ ಟ್ಯಾನಿ ಆದೇಶ ಮಾಡಿದರು. ಸೇನಾಧಿಕಾರಿ ತರಲೇ ಇಲ್ಲ. ಅಮಾನತು ಮಾಡೋದು ಕಾಂಗ್ರೆಸ್ಸಿನ ಅಧಿಕಾರ, ಅಧ್ಯಕ್ಷರದ್ದಲ್ಲ ಅಂತ ಟ್ಯಾನಿ ಬರೆದರು, ಲಿಂಕನ್ ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದು ಕಾನೂನು ಉಳಿಸಲು ಹೋಗಿ ಉಳಿದೆಲ್ಲ ಕಾನೂನೂ ಸರ್ಕಾರವೂ ಮುರಿದು ಬೀಳಬೇಕಾ ಅನ್ನೋದು ಅವರ ಪ್ರಶ್ನೆ. ಕಾಂಗ್ರೆಸ್ ಅದಕ್ಕೆ ಕಾನೂನಿನ ಬಲ ಕೊಟ್ಟಿದ್ದು 1863ರಲ್ಲಿ. (ಟ್ಯಾನಿ ದೊಡ್ಡ ಮನುಷ್ಯ ಅಂತ ಹೊಗಳೋಕೆ ಹೋಗಬೇಡ. ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಅಂತ 1857ರಲ್ಲಿ ತೀರ್ಪು ಬರೆದವರೂ ಇವರೇ.)

ಅದೇ ಯುದ್ಧದಲ್ಲಿ ಇಂಡಿಯಾನಾದ ಮಿಲ್ಲಿಗನ್ ಅನ್ನುವವನಿಗೆ ಸೇನಾ ನ್ಯಾಯಮಂಡಳಿ ಗಲ್ಲು ವಿಧಿಸಿತ್ತು. ಮಾಮೂಲಿ ಕೋರ್ಟು ನಡೆಯುತ್ತಿರುವ ಕಡೆ ಸಾಮಾನ್ಯ ಪ್ರಜೆಯನ್ನು ಸೇನೆ ವಿಚಾರಣೆ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೇ ತೀರ್ಪು. ಆದರೆ ಇಸವಿ ನೋಡು, 1866. ಯುದ್ಧ ಮುಗಿದಿದ್ದು 1865ರಲ್ಲಿ.

ಚಪ್ಪಾಳೆ ಬೇಕು ಅಂದ್ಯಲ್ಲ, ಯೂಜೀನ್ ಡೆಬ್ಸ್ ಕತೆ ಹೇಳು. ಸಮಾಜವಾದಿ ನಾಯಕ. ಮೊದಲ ಮಹಾಯುದ್ಧದಲ್ಲಿ, 1918ರ ಜೂನ್‌ನಲ್ಲಿ, ಒಹಾಯೋದ ಕ್ಯಾಂಟನ್ ಊರಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕೆ 10 ವರ್ಷ ಜೈಲು. ಬಾಂಬ್ ಇಟ್ಟಿರಲಿಲ್ಲ, ಗುಂಡು ಹಾರಿಸಿರಲಿಲ್ಲ, ಬರೀ ಭಾಷಣ. ನವೆಂಬರ್‌ನಲ್ಲಿ ಯುದ್ಧ ನಿಂತಿತು. ಮಾರನೇ ವರ್ಷ ಸುಪ್ರೀಂ ಕೋರ್ಟ್ ಒಮ್ಮತದಿಂದ ಶಿಕ್ಷೆ ಎತ್ತಿಹಿಡಿಯಿತು. 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಜಾಸ್ತಿ ಓಟು ತಗೊಂಡರು. ಅಧ್ಯಕ್ಷ ವಿಲ್ಸನ್ ಕ್ಷಮೆ ಕೊಡಲು ಒಪ್ಪಲೇ ಇಲ್ಲ. ಆಮೇಲೆ ಬಂದ ಹಾರ್ಡಿಂಗ್ 1921ರ ಕ್ರಿಸ್‌ಮಸ್ ದಿನ ಬಿಡಿಸಿದರು. ಯುದ್ಧ ಮುಗಿದು ಮೂರು ವರ್ಷ ಆಗಿತ್ತು. ನಿನ್ನ ರೂಮ್‌ಮೇಟಿನ ನಾಲ್ಕು ದಿನ ಅಂದ್ರೆ ಇದೇನಾ ಕೇಳು.

ಶಿರಾ_ಟು_ಸಿಯಾಟಲ್:

ಮೇಷ್ಟ್ರು ಹೇಳಿದ ಮೇಲೆ ನಾನೇನು ಹೇಳೋದು ಅನ್ಕೊಂಡೆ, ಆದರೆ ಇಲ್ಲಿ ಇದ್ದುಕೊಂಡು ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕ್ಯಾಂಪಿಗೆ ಹಾಕಿದ ವಿಷಯ ಬಿಟ್ಟರೆ ತಪ್ಪಾಗುತ್ತೆ.

ಸಿಯಾಟಲ್‌ನಲ್ಲಿ ಫೆರಿ ಹತ್ತಿದರೆ ಅರ್ಧ ಗಂಟೆ ಚಿಲ್ಲರೆಗೆ ಬೇನ್‌ಬ್ರಿಜ್ ಅಂತ ಒಂದು ದ್ವೀಪ. ಅಲ್ಲಿ ಜಪಾನಿ ಮೂಲದ ಕುಟುಂಬಗಳು ಸ್ಟ್ರಾಬೆರಿ ಬೆಳೆಯುತ್ತಿದ್ದವು. 1942ರ ಮಾರ್ಚ್ 30ರಂದು ಅಲ್ಲಿನ ಇನ್ನೂರಕ್ಕೂ ಜಾಸ್ತಿ ಜನರನ್ನು, ಮಕ್ಕಳು ಮುದುಕರು ಎಲ್ಲರನ್ನೂ, ಬಂದೂಕು ಹಿಡಿದ ಸೈನಿಕರ ಕಾವಲಲ್ಲಿ ದೋಣಿ ಹತ್ತಿಸಿದರು. ನೋಟಿಸ್ ಬಂದು ಒಂದು ವಾರವೂ ಆಗಿರಲಿಲ್ಲ. ಕೈಯಲ್ಲಿ ಹೊತ್ತುಕೊಂಡು ಹೋಗುವಷ್ಟು ಸಾಮಾನು ಮಾತ್ರ ತರಬಹುದಿತ್ತು. ಇಡೀ ದೇಶದಲ್ಲಿ ಅಧ್ಯಕ್ಷರ ಆದೇಶದ ಕೆಳಗೆ ಮೊದಲು ಖಾಲಿ ಮಾಡಿಸಿದ ಊರು ಅದೇ. ಆ ದೋಣಿಕಟ್ಟೆ ಹತ್ತಿರ ಈಗ ಮರದ ಹಲಗೆಯ ಉದ್ದನೆ ಗೋಡೆ ಕಟ್ಟಿ ಎಲ್ಲರ ಹೆಸರೂ ವಯಸ್ಸೂ ಹಾಕಿದ್ದಾರೆ. ಕೈಕೂಸುಗಳ ಹೆಸರೂ ಇದೆ. ದೇಶದ ಭದ್ರತೆಗೆ ಆ ಕೂಸಿನಿಂದ ಏನು ಅಪಾಯ ಇತ್ತೋ ದೇವರೇ ಬಲ್ಲ.

ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು 1942ರ ಫೆಬ್ರವರಿ 19ರಂದು, ಆದೇಶ ಸಂಖ್ಯೆ 9066. ಓದಿ ನೋಡಿದರೆ ಅದರಲ್ಲಿ 'ಜಪಾನಿ' ಅನ್ನೋ ಮಾತೇ ಇಲ್ಲ! ಸೇನಾಧಿಕಾರಿಗಳು ಯಾವ ಜಾಗದಿಂದ ಯಾರನ್ನು ಬೇಕಾದರೂ ಹೊರಗೆ ಹಾಕಬಹುದು, ಅಷ್ಟೇ ಇರೋದು. ಅದರ ಕೆಳಗೆ ಸುಮಾರು 1.2 ಲಕ್ಷ ಜನ ಕ್ಯಾಂಪಿಗೆ ಹೋದರು. ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಗಳು. ಕೆಲವರನ್ನು ಮೊದಲು ಕುದುರೆ ರೇಸಿನ ಲಾಯದಲ್ಲಿ ಇಟ್ಟಿದ್ದರು.

ಇದನ್ನಂತೂ ಬಿಡಲೇಬೇಡ. ಜಪಾನ್ ಬಾಂಬ್ ಹಾಕಿದ್ದು ಹವಾಯಿ ಮೇಲೆ. ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜಪಾನಿ ಮೂಲದವರು. ಅಲ್ಲಿ ಸೇನಾ ಆಡಳಿತ ಹಾಕಿದರು ನಿಜ, ಆದರೆ ಅಷ್ಟೂ ಜನರನ್ನು ಸಾರಾಸಗಟಾಗಿ ಕ್ಯಾಂಪಿಗೆ ತಳ್ಳಲಿಲ್ಲ. ತಳ್ಳಿದ್ದರೆ ಕೆಲಸ ಮಾಡೋರೇ ಇರುತ್ತಿರಲಿಲ್ಲ. ಸಾವಿರಾರು ಕಿಲೋಮೀಟರ್ ದೂರದ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಎಲ್ಲರೂ ಅಪಾಯಕಾರಿ ಆಗಿಬಿಟ್ಟರು. ಅಲ್ಲಿ ಅವರ ಜಮೀನಿನ ಮೇಲೆ ಪಕ್ಕದವರ ಕಣ್ಣಿತ್ತು. ಭದ್ರತೆ ಅನ್ನೋ ವಾದ ಇಲ್ಲೇ ಬಿದ್ದುಹೋಗುತ್ತೆ ಅಲ್ವಾ?

ಹೋಗಲ್ಲ ಅಂತ ನಿಂತ ಫ್ರೆಡ್ ಕೊರೆಮಾಟ್ಸು ಕೇಸ್ ಸುಪ್ರೀಂ ಕೋರ್ಟಿಗೆ ಹೋಯಿತು. 1944ರಲ್ಲಿ 6-3ರಿಂದ ಸರ್ಕಾರವೇ ಗೆದ್ದಿತು. ಸರ್ಕಾರ ಆಗ ಕೋರ್ಟಿನಿಂದ ದಾಖಲೆ ಮುಚ್ಚಿಟ್ಟಿತ್ತು ಅಂತ ಆಮೇಲೆ ಬಯಲಾಗಿ 1983ರಲ್ಲಿ ಅವರ ಮೇಲಿನ ಶಿಕ್ಷೆ ರದ್ದಾಯಿತು. 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿದರು, ಬದುಕಿ ಉಳಿದವರಿಗೆ ತಲಾ 20,000 ಡಾಲರ್. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಿದ್ದು 2018ರಲ್ಲಿ. ಹಕ್ಕು ವಾಪಸ್ ಬಂತಪ್ಪ, ಇಲ್ಲ ಅನ್ನಲ್ಲ. ತೋಟ, ಅಂಗಡಿ ಅಗ್ಗಕ್ಕೆ ಮಾರಿ ಹೋದವರಿಗೆ ಅದು ವಾಪಸ್ ಬರಲಿಲ್ಲ. ಕ್ಯಾಂಪಿನಲ್ಲೇ ಸತ್ತವರಂತೂ ಬರಲೇ ಇಲ್ಲ.

ಮಧುಗಿರಿ_ಫೌಜಿ:

ಎಲ್ಲರೂ ಒಂದೇ ಕಡೆ ಹಗ್ಗ ಎಳೀತಿದ್ದೀರಿ, ನಾನು ಆ ಕಡೆ ನಿಲ್ತೀನಿ. ಸೇನೆಯಲ್ಲಿದ್ದು ನಿವೃತ್ತಿ ಆದವನು ನಾನು. ಶೆಲ್ ಬೀಳುವಾಗ ಸಂಸತ್ತು ಕರೆದು ಓಟಿಗೆ ಹಾಕೋಣ ಅಂದರೆ ಆಗುತ್ತಾ? ಯಾರೋ ಒಬ್ಬರು ನಿರ್ಧಾರ ಮಾಡಬೇಕು, ತಕ್ಷಣ ಮಾಡಬೇಕು. ಮೇಷ್ಟ್ರು ಒಂದು ವಿಷಯ ಹೇಳಲಿಲ್ಲ, ಲಿಂಕನ್ ಆ ಆದೇಶ ಕೊಟ್ಟಾಗ ಕಾಂಗ್ರೆಸ್ ಅಧಿವೇಶನವೇ ಇರಲಿಲ್ಲ, ಅವರು ಸೇರಿದ್ದು ಜುಲೈ 4ಕ್ಕೆ. ಅಲ್ಲಿವರೆಗೆ ಸೇತುವೆ ಸುಡಲಿ ಅಂತ ಕೂತಿರಬೇಕಿತ್ತಾ? ದಂಗೆ, ಆಕ್ರಮಣ ಆದಾಗ ಹೇಬಿಯಸ್ ಕಾರ್ಪಸ್ ಅಮಾನತು ಮಾಡಬಹುದು ಅಂತ ಅವರ ಸಂವಿಧಾನದಲ್ಲೇ ಬರೆದಿದೆ.

ನಮ್ಮಲ್ಲೂ ಅಷ್ಟೆ. 2008ರಲ್ಲಿ ಮುಂಬೈ ದಾಳಿ ನಡೆಯುವಾಗ ಟಿವಿಯವರು ಕಮಾಂಡೋಗಳು ಎಲ್ಲಿ ಇಳಿದರು, ಯಾವ ಮಹಡಿ ಹತ್ತಿದರು ಅಂತ ನೇರ ಪ್ರಸಾರ ಮಾಡಿದರು, ಆ ಕಡೆ ಉಗ್ರರನ್ನು ಕಳಿಸಿದವರು ಅದನ್ನು ನೋಡಿಕೊಂಡು ಫೋನಿನಲ್ಲಿ ಹೇಳುತ್ತಿದ್ದರು. ಆಮೇಲೆ ಸುಪ್ರೀಂ ಕೋರ್ಟೇ ಚಾನೆಲ್‌ಗಳಿಗೆ ಛೀಮಾರಿ ಹಾಕಿತು. ಅಂಥ ಹೊತ್ತಲ್ಲಿ ಕ್ಯಾಮೆರಾ ಬಂದ್ ಮಾಡಿ ಅಂದರೆ ಅದು ದಬ್ಬಾಳಿಕೆನಾ? ಸುಮ್ನೆ ಹಕ್ಕು ಹಕ್ಕು ಅಂದರೆ ಆಗಲ್ಲ. ಗಡಿಯಲ್ಲಿ ನಿಂತವನಿಗೂ ಜೀವ ಇದೆ.

ಕೋಲಾರ_ಕಪ್ಪುಕೋಟು:

ಫೌಜಿ ಸಾರ್, ಕ್ಯಾಮೆರಾ ವಿಷಯಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅದಕ್ಕೆ ಸಾಮಾನ್ಯ ಕಾನೂನೇ ಸಾಕು. ನೀವೇ ನೋಡಿ, 1999ರಲ್ಲಿ ಕಾರ್ಗಿಲ್ ಯುದ್ಧ ಆಯಿತು, 352ನೇ ವಿಧಿ ಮುಟ್ಟಲೇ ಇಲ್ಲ. ಜನರ ಹಕ್ಕು ಹಾಗೇ ಇಟ್ಟುಕೊಂಡೇ ಗೆದ್ದೆವಲ್ಲ.

ತಮ್ಮ, ನೀನು ಮೊದಲು ಒಂದು ವ್ಯತ್ಯಾಸ ಸರಿಮಾಡ್ಕೊ. ಅಮೆರಿಕದ ಅಧ್ಯಕ್ಷರು ತಾವೇ ನಿರ್ಧಾರ ಮಾಡುತ್ತಾರೆ. ನಮ್ಮ ರಾಷ್ಟ್ರಪತಿ ಸಂಪುಟ ಹೇಳಿದ ಕಡೆ ಸಹಿ ಹಾಕುತ್ತಾರೆ. ಜಡ್ಜು ಕೇಳಿದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀಯ.

ನಮ್ಮಲ್ಲಿ 352 ಬಂದಿರೋದು ಮೂರು ಸಲ. ಮೊದಲನೇದು ಚೀನಾ ಯುದ್ಧ. 1962ರ ಅಕ್ಟೋಬರ್ 26ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಘೋಷಣೆ ಹೊರಡಿಸಿದರು. ನವೆಂಬರ್ 21ಕ್ಕೆ ಚೀನಾ ಕದನ ವಿರಾಮ ಸಾರಿತು. ತುರ್ತು ಪರಿಸ್ಥಿತಿ ತೆಗೆದಿದ್ದು ಯಾವಾಗ ಗೊತ್ತಾ? 1968ರ ಜನವರಿ 10ಕ್ಕೆ. ಮದುವೆ ಮುಗಿದು ಐದು ವರ್ಷ ಆದರೂ ಶಾಮಿಯಾನ ಬೀದಿಯಲ್ಲೇ ನಿಂತಿತ್ತು. ಆ ಅವಧಿಯಲ್ಲಿ ಅಸ್ಸಾಂ, ಬಂಗಾಳದ ಕಡೆ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಕಳಿಸಿದರು. ಚಹಾ ತೋಟದ ಊರುಗಳಿಂದ ಮರುಭೂಮಿ ಸೀಮೆಗೆ. ಶಿರಾ ಅವರು ಹೇಳಿದ ಅಮೆರಿಕದ ಕತೆ ನಮ್ಮಲ್ಲೂ ಆಗಿದೆ, ನಾವು ಮಾತಾಡಲ್ಲ ಅಷ್ಟೇ. ಕ್ಷಮೆಯನ್ನಂತೂ ಯಾರೂ ಕೇಳಿಲ್ಲ.

ಅದೇ ಯುದ್ಧಕಾಲದ ಭಾರತ ರಕ್ಷಣಾ ನಿಯಮದ ಕೆಳಗೆ 1965ರಲ್ಲಿ ರಾಮ ಮನೋಹರ ಲೋಹಿಯಾ ಅವರನ್ನು ಬಿಹಾರದಲ್ಲಿ ಒಳಗೆ ಹಾಕಿದರು. ಅವರು ಚೀನಾ ಪರ ಏನಾದರೂ ಮಾಡಿದ್ದರಾ? ಪಟ್ನಾದಲ್ಲಿ ಬಂದ್ ನಡೆದಿತ್ತು, ಅಷ್ಟೇ. ಸುಪ್ರೀಂ ಕೋರ್ಟ್ ಬಿಡಿಸಿತು. ದೇಶದ ಭದ್ರತೆ ಬೇರೆ, ಊರಿನ ಗಲಾಟೆ ಬೇರೆ ಅಂತ ಗೆರೆ ಎಳೆದ ಆ ತೀರ್ಪನ್ನು ಬಂಧನದ ಕೇಸುಗಳಲ್ಲಿ ನಾವು ಇವತ್ತಿಗೂ ಕೋರ್ಟಿನಲ್ಲಿ ಹಿಡಿದುಕೊಂಡು ನಿಲ್ಲುತ್ತೇವೆ.

ಎರಡನೇದು 1971ರ ಡಿಸೆಂಬರ್ 3, ಪಾಕಿಸ್ತಾನ ಯುದ್ಧ. ಹದಿಮೂರು ದಿನಕ್ಕೆ ಯುದ್ಧ ಮುಗಿಯಿತು, ಇದನ್ನೂ ತೆಗೆಯಲಿಲ್ಲ. ಅದು ಜಾರಿಯಲ್ಲಿರುವಾಗಲೇ ಅದರ ಮೇಲೆ 1975ರ ಜೂನ್ 25ರ ರಾತ್ರಿ ಮೂರನೇದು ಬಂತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ರಾತ್ರಿ ಸಹಿ ಹಾಕಿದರು, ಸಂಪುಟಕ್ಕೆ ಗೊತ್ತಾಗಿದ್ದು ಬೆಳಗ್ಗೆ! ಎರಡೂ ಹೋಗಿದ್ದು 1977ರ ಮಾರ್ಚ್‌ನಲ್ಲಿ, ಚುನಾವಣೆಯಲ್ಲಿ ಸರ್ಕಾರ ಸೋತ ಮೇಲೆ.

ಬೆಂಗಳೂರಿನ ಫ್ರೀಡಂ ಪಾರ್ಕ್ ನೋಡಿದ್ದೀಯಲ್ಲ, ಆಗ ಅದೇ ಸೆಂಟ್ರಲ್ ಜೈಲು. ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಇಟ್ಟಿದ್ದು ಅಲ್ಲೇ. ನಟಿ ಸ್ನೇಹಲತಾ ರೆಡ್ಡಿ ಅವರೂ ಮೀಸಾ (ವಿಚಾರಣೆ ಇಲ್ಲದೆ ಒಳಗೆ ಇಡಬಹುದಾಗಿದ್ದ ಕಾನೂನು) ಕೆಳಗೆ ಅಲ್ಲೇ ಇದ್ದರು. ಆಸ್ತಮಾ ಇತ್ತು. ತೀರಾ ಹದಗೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಒಂದು ವಾರದೊಳಗೆ ತೀರಿಕೊಂಡರು.

ಮೀಸಾದಲ್ಲಿ ಬಂಧನ ಆದವರ ಅರ್ಜಿ ಕೇಳಬಹುದು ಅಂತ ನಮ್ಮ ಕರ್ನಾಟಕ ಹೈಕೋರ್ಟ್ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು 4-1ರಿಂದ ಅದನ್ನೆಲ್ಲ ಹೊಡೆದುಹಾಕಿತು, ಜಬಲ್ಪುರ ಕೇಸ್ ಅಂತಾರೆ. ವಿಚಾರಣೆ ನಡೆಯುವಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಸರ್ಕಾರದ ವಕೀಲರಿಗೆ ಕೇಳಿದರು, ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರ ಇಲ್ಲವಾ ಅಂತ. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಅಂತ ಉತ್ತರ ಬಂತು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು, ಮುಂದಿನ ಜನವರಿಯಲ್ಲಿ ಅವರನ್ನು ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟು ಹೋದರು. ಜಬಲ್ಪುರ ತೀರ್ಪನ್ನು ಕೋರ್ಟ್ ತಾನೇ ಅಳಿಸಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಹಾಕಿದ ಖಾಸಗಿತನದ ಕೇಸಿನಲ್ಲಿ.

ಪಿನಾಕಿನಿ_ದಡ:

ದೊಡ್ಡ ದೊಡ್ಡ ವಿಧಿ ಬಗ್ಗೆ ಮಾತಾಡ್ತಿದ್ದೀರಿ, ನಮ್ಮ ಗೌರಿಬಿದನೂರು ಪಕ್ಕದ ವಿದುರಾಶ್ವತ್ಥ ಯಾರಿಗೂ ನೆನಪಾಗಲಿಲ್ಲ. 1938ರ ಏಪ್ರಿಲ್ 25. ಯುದ್ಧ ಇರಲಿಲ್ಲ, ತುರ್ತು ಪರಿಸ್ಥಿತಿನೂ ಇರಲಿಲ್ಲ. ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ನಿಷೇಧ ಇತ್ತು, ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಸ್ಮಾರಕದ ಹತ್ತಿರ ಹೋಗಿ ಸತ್ತವರ ಪಟ್ಟಿ ಓದಿ ಬಾ.

ಈಗಲೂ ಅಷ್ಟೆ ಅಲ್ವಾ. 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಚಕಮಕಿ ಆದಾಗ 352 ಇರಲಿಲ್ಲ. ಆದರೂ 8,000ಕ್ಕೂ ಜಾಸ್ತಿ ಖಾತೆ ಬ್ಲಾಕ್ ಮಾಡಿ ಅಂತ ಸರ್ಕಾರ ಹೇಳಿದೆ ಎಂದು ಎಕ್ಸ್ ಕಂಪನಿಯೇ ಹೇಳಿತು. ಅದರಲ್ಲಿ ನಿಜವಾಗಿ ಸುಳ್ಳು ಹಬ್ಬಿಸೋರು ಎಷ್ಟು, ಸರ್ಕಾರಕ್ಕೆ ಆಗದವರು ಎಷ್ಟು, ನಮಗೆ ಹೇಳೋರು ಯಾರು? ಘೋಷಣೆ ಇದ್ದರೆ ಕನಿಷ್ಠ ಸಂಸತ್ತಿನಲ್ಲಿ ಚರ್ಚೆ ಆಗುತ್ತೆ. ಘೋಷಣೆ ಇಲ್ಲದೆ ಮಾಡಿದರೆ ಅದೂ ಇಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಅಯ್ಯೋ ಇಷ್ಟು ಸಿಗುತ್ತೆ ಅನ್ಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೇವ್ಲಿ ವಿಷಯ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಇದನ್ನೆಲ್ಲ ಹೇಳಿದ್ದಕ್ಕೆ ರೂಮ್‌ಮೇಟ್ ಈಗ ಬೇರೆ ಪಟ್ಟು ಹಾಕುತ್ತಿದ್ದಾನೆ. ಅಧ್ಯಕ್ಷರು ಮಿತಿ ಮೀರಿದರೆ ಕೋರ್ಟ್ ತಡೆಯುತ್ತೆ, ಟ್ರೂಮನ್‌ನ ತಡೆದಿಲ್ವಾ ಅಂತಾನೆ. ಅದೇನು ಕೇಸು?

ಕೋಲಾರ_ಕಪ್ಪುಕೋಟು:

ಹುಡುಗ ಓದಿಕೊಂಡಿದ್ದಾನೆ, ಹುಷಾರು. 1952, ಕೊರಿಯಾ ಯುದ್ಧ ನಡೀತಾ ಇತ್ತು. ಕಾರ್ಮಿಕರ ಮುಷ್ಕರ ಆದರೆ ಉಕ್ಕು ನಿಂತುಹೋಗುತ್ತೆ ಅಂತ ಅಮೆರಿಕದ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನೇ ವಶಕ್ಕೆ ತಗೊಂಡರು. ಎರಡು ತಿಂಗಳೊಳಗೆ ಸುಪ್ರೀಂ ಕೋರ್ಟ್ 6-3ರಿಂದ ಇದಾಗಲ್ಲ ಅಂದಿತು. ಟ್ರೂಮನ್ ತಲೆಬಾಗಿ ವಾಪಸ್ ಕೊಟ್ಟರು. ಒಳ್ಳೇ ಉದಾಹರಣೆ, ಒಪ್ಪಿಕೋ. ಆಮೇಲೆ ಕೇಳು, ಆ ಕೇಸ್ ಹಾಕಿದ್ದು ಯಾರು? ಉಕ್ಕಿನ ಕಂಪನಿ ಮಾಲೀಕರು. ಅವರಿಗೆ ಎರಡು ತಿಂಗಳಲ್ಲಿ ನ್ಯಾಯ.

ಪಕ್ಕದಲ್ಲೇ ಬೂಮೆಡಿಯನ್ ಕೇಸ್ ಇಡು. ಬೋಸ್ನಿಯಾದಲ್ಲಿದ್ದ ಅಲ್ಜೀರಿಯಾ ಮೂಲದ ಮನುಷ್ಯ, 2002ರ ಜನವರಿಯಲ್ಲಿ ಅಮೆರಿಕದವರು ಕ್ಯೂಬಾದಲ್ಲಿರುವ ತಮ್ಮ ಸೇನಾ ಜೈಲು ಗ್ವಾಂಟನಾಮೋಗೆ ತಂದರು. ಆರೋಪಪಟ್ಟಿ ಇಲ್ಲ, ಏನೂ ಇಲ್ಲ. ಕೋರ್ಟಿಗೆ ಹೋಗುವ ಹಕ್ಕು ಅವನಿಗೂ ಇದೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ 5-4ರಿಂದ ಹೇಳಿತು. ಬಿಡುಗಡೆ ಮಾಡಿದ್ದು 2009ರಲ್ಲಿ. ಏಳು ವರ್ಷ.

ಅದಕ್ಕೆ ಆಧಾರ ಆಗಿದ್ದು ನ್ಯೂಯಾರ್ಕಿನ ಅವಳಿ ಕಟ್ಟಡ ಬಿದ್ದ ವಾರದೊಳಗೆ 2001ರಲ್ಲಿ ಕಾಂಗ್ರೆಸ್ ಮಾಡಿದ ಪುಟ್ಟ ನಿರ್ಣಯ, ದಾಳಿ ಮಾಡಿದವರ ಮೇಲೆ ಸೇನೆ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟಿದ್ದು. ಎರಡೂ ಸದನ ಸೇರಿ ಬೇಡ ಅಂತ ಓಟು ಹಾಕಿದವರು ಬಾರ್ಬರಾ ಲೀ ಒಬ್ಬರೇ. ಅದಕ್ಕೆ ಮುಕ್ತಾಯದ ದಿನಾಂಕವನ್ನೇ ಹಾಕಿಲ್ಲ, ಅಧ್ಯಕ್ಷರ ಮೇಲೆ ಅಧ್ಯಕ್ಷರು ಅದನ್ನೇ ಬಳಸಿದರು. ಇನ್ನು 1973ರ ಕಾನೂನು ಇದೆ, ನಿಕ್ಸನ್ ವೀಟೋ ಮಾಡಿದರೂ ಬಿಡದೆ ಪಾಸು ಮಾಡಿದ್ದು. ಕಾಂಗ್ರೆಸ್ ಒಪ್ಪದಿದ್ದರೆ 60 ದಿನದಲ್ಲಿ ಕಾದಾಟ ನಿಲ್ಲಿಸಬೇಕು ಅನ್ನುತ್ತೆ. 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕುತ್ತಾ ಆ ಗಡುವು ದಾಟಿದಾಗ ಒಬಾಮ ಸರ್ಕಾರ ಇದು ಆ ಕಾನೂನು ಹೇಳುವಂಥ ಕಾದಾಟವೇ ಅಲ್ಲ ಅಂತ ವಾದ ಮಾಡಿತು. ನಗಬೇಡ, ನಿಜ.

ಮಧುಗಿರಿ_ಫೌಜಿ:

ಆಯ್ತಪ್ಪ, ಅಧಿಕಾರ ಬೇಕು ಅನ್ನೋದು ನಾನು ಬಿಡಲ್ಲ. ಆದರೆ ರಜೆ ಚೀಟಿಯಲ್ಲೂ ಎಂದು ವಾಪಸ್ ಬರ್ತೀಯ ಅಂತ ಬರೆಸಿಕೊಳ್ಳುತ್ತಿದ್ದರು ನಮ್ಮ ಹತ್ತಿರ. ಇದಕ್ಕೂ ತಾರೀಕು ಹಾಕಲಿ. ನಮ್ಮ ಕಾನೂನಿನಲ್ಲಿ ಈಗ ಹಾಗೇ ಇದೆ ಅಲ್ವಾ ವಕೀಲರೇ?

ಕೋಲಾರ_ಕಪ್ಪುಕೋಟು:

ಇದೆ ಸಾರ್, 1978ರ 44ನೇ ತಿದ್ದುಪಡಿ. ಸಂಪುಟ ಬರವಣಿಗೆಯಲ್ಲಿ ಕೊಡದೆ ರಾಷ್ಟ್ರಪತಿ ಸಹಿ ಹಾಕೋ ಹಾಗಿಲ್ಲ. ಒಂದು ತಿಂಗಳಲ್ಲಿ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪಬೇಕು, ಆಮೇಲೆ ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ನೋಟಿಸ್ ಕೊಟ್ಟರೆ 14 ದಿನದಲ್ಲಿ ವಿಶೇಷ ಸಭೆ ಕರೆಯಬೇಕು, ಅಲ್ಲಿ ಬರೀ ಸಾಮಾನ್ಯ ಬಹುಮತ ಇದ್ದರೂ ತುರ್ತು ಪರಿಸ್ಥಿತಿ ಬೀಳುತ್ತೆ. ಜೀವದ ಹಕ್ಕು ಕೊಡೋ 21ನೇ ವಿಧಿಯನ್ನು ಯಾವ ಯುದ್ಧ ಬಂದರೂ ಅಮಾನತು ಮಾಡುವಂತಿಲ್ಲ.

ತಮ್ಮ, ನಿನ್ನ ರೂಮ್‌ಮೇಟ್ ಇದನ್ನೇ ಹಿಡಿದು 'ಈಗ ಎಲ್ಲಾ ಸರಿಹೋಗಿದೆ' ಅಂತ ಬರ್ತಾನೆ, ನೋಡ್ತಾ ಇರು. ಆಗ 358ನೇ ವಿಧಿ ತೆಗಿ. ಯುದ್ಧದ ಕಾರಣಕ್ಕೆ ಘೋಷಣೆ ಆದರೆ ಮಾತು, ಸಭೆ, ಸಂಘಟನೆಯ ಹಕ್ಕು ಕೊಡುವ 19ನೇ ವಿಧಿ ಇವತ್ತಿಗೂ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಅದಕ್ಕೆ ಬೇರೆ ಆದೇಶವೇ ಬೇಡ. ಡೆಬ್ಸ್ ಜೈಲಿಗೆ ಹೋಗಿದ್ದು ಮಾತಾಡಿದ್ದಕ್ಕೆ ತಾನೆ.